ಎಣಿಕೆ ಇಲ್ಲದ ಪಡಸಾಲೆ

ಸೀಟಿ ಊದುವುದು ನನ್ನ ಹೊಟ್ಟೆಪಾಡಾಗಿತ್ತು. ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಸೀಟಿ ಅದರ ಕೆಳಗೆ, ತುಟಿಯಲ್ಲಿ. ಮುನ್ನೂರು ಹುಡುಗರು ಒಂದೇ ಸಲ ಕೈ ಎತ್ತಿ ಒಂದೇ ಸಲ ಇಳಿಸಿದರೆ ನನಗೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನ. ಆ ಸೀಟಿಯನ್ನು ಜೇಬಿನಿಂದ ತೆಗೆಯದೆ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸದ ಕಥೆ ಇದು. ಅದನ್ನು ನನ್ನ ಕೈಯಾರೆ ಹಾಳು ಮಾಡಿದ ಕಥೆಯೂ ಇದೇ.

ಯೋಗ ನನಗೆ ಬಂದದ್ದು ಭಕ್ತಿಯಿಂದಲ್ಲ, ಬಿದ್ದು. ಬೈಲಹೊಂಗಲದಲ್ಲಿದ್ದಾಗ ಹುಡುಗರ ಮುಂದೆ ಜಂಬ ತೋರಿಸಲು ಹೋಗಿ ಮಲ್ಲಕಂಬದ ಮೇಲಿಂದ ಜಾರಿ ಸೊಂಟ ಹಿಡಿಸಿಕೊಂಡಿದ್ದೆ. ಬೂಟಿನ ದಾರ ಕಟ್ಟಲೂ ಹೆಂಡತಿ ಬೇಕಾಗುತ್ತಿದ್ದಳು. ಆಗ ಊರಲ್ಲಿ ಒಬ್ಬ ನಿವೃತ್ತ ಸಂಸ್ಕೃತ ಮಾಸ್ತರರು ತಮ್ಮ ಮನೆಯ ಅಟ್ಟದ ಮೇಲೆ ನಾಲ್ಕು ಜನರಿಗಷ್ಟೇ ಆಸನ ಹೇಳಿಕೊಡುತ್ತಿದ್ದರು. ಅಲ್ಲಿ ಎಣಿಕೆ ಇಲ್ಲ, ಪೈಪೋಟಿ ಇಲ್ಲ, ಹೆಚ್ಚು ಬಾಗಿದವನಿಗೆ ಶಹಬ್ಬಾಸ್ ಇಲ್ಲ. "ಅವಸರ ಇದ್ದಾವ್ರು ಬಸ್ ಸ್ಟ್ಯಾಂಡಿಗೆ ಹೋಗ್ರಿ, ಇಲ್ಲಿ ಬರಬ್ಯಾಡ್ರಿ" ಎನ್ನುತ್ತಿದ್ದರು. ಅವರದು ಒಂದೇ ಕಟ್ಟಳೆ. ನೋವು ಶುರುವಾಗುವ ಹೊತ್ತಿಗೆ ಬಾಯಿ ಬಿಟ್ಟು "ಸಾಕು" ಅನ್ನಬೇಕು. ಅಂದ ಮೇಲೆ ಕಲಿಸುವವನು ಅಲ್ಲಿಗೇ ಕೈ ತೆಗೆಯಬೇಕು, ಯಾಕೆ ಎಂದು ಕೇಳಬಾರದು. ಒಂದು ವರ್ಷದಲ್ಲಿ ನನ್ನ ಬೂಟಿನ ದಾರ ನಾನೇ ಕಟ್ಟಿಕೊಂಡೆ.

ಆಮೇಲೆ ರಾಮದುರ್ಗಕ್ಕೆ ವರ್ಗವಾಯಿತು. ಹೆಂಡತಿ ಮಕ್ಕಳು ಬೈಲಹೊಂಗಲದಲ್ಲೇ ಉಳಿದರು, ಅತ್ತೆಯವರ ಆರೈಕೆಗೆ ಬೇರೆ ಯಾರೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಬಸ್ ಹತ್ತಿ ಸೋಮವಾರ ಬೆಳಿಗ್ಗೆ ಮರಳುವ ಬದುಕು. ತಿರುಗಿ ಬೈಲಹೊಂಗಲಕ್ಕೆ ಹಾಕಿಸಿಕೊಳ್ಳಬೇಕೆಂದು ನಾನು ಬರೆಯದ ಅರ್ಜಿ ಇಲ್ಲ, ಕೈ ಮುಗಿಯದ ಅಧಿಕಾರಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದಕ್ಕೆ ಬೇರೆ ದೊಡ್ಡ ಕಾರಣ ಹುಡುಕುವುದು ಬೇಡ.

ನನ್ನ ಬಾಡಿಗೆ ಕೋಣೆ ನೇಕಾರರ ಓಣಿಯಲ್ಲಿತ್ತು. ಪಕ್ಕದ ಮನೆಯವನನ್ನು ಓಣಿಯವರೆಲ್ಲ ಅಣ್ಣ ಎನ್ನುತ್ತಿದ್ದರು, ನಾನೂ ಅಣ್ಣಾರ ಎನ್ನುತ್ತಿದ್ದೆ. ವಯಸ್ಸು ನಲವತ್ತು ದಾಟಿರಲಿಲ್ಲ. ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕುಳಿತು ದಿನವಿಡೀ ಸೀರೆ ನೇಯುವುದು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ನೋಡಿದೆ. ಅವನು ಕುಣಿಯಿಂದ ಮೇಲೇಳಲು ತೊಲೆಗೆ ಕಟ್ಟಿದ್ದ ಹಗ್ಗ ಹಿಡಿದು ಒಂದು ಸಲ, ಎರಡು ಸಲ ತಿಣುಕಿ, ಮೂರನೆಯ ಸಲಕ್ಕೆ ಹೆಂಡತಿಯ ಹೆಗಲು ಹಿಡಿದು ಎದ್ದ.

"ಏನಾಗೇತ್ರಿ ಅಣ್ಣಾರ ನಡಕ್ಕ?" ಎಂದೆ.

"ನಡಾ ಎಲ್ಲಿ ಉಳದೈತ್ರಿ ಸರ, ಕಟಗಿ ಆಗೇತಿ. ಇನ್ನ ಎರಡ ವರ್ಷ ನೂಕಿದರ ಮಗಳ ಲಗ್ನ ಆಗತೈತಿ. ಅಲ್ಲಿ ತನಕ ಈ ಕಟಗಿ ಮುರೀಬಾರದು ನೋಡ್ರಿ."

ಅಷ್ಟು ಹೇಳಿ ನಕ್ಕ. ನನ್ನ ಬೂಟಿನ ದಾರ ನೆನಪಾಯಿತು.

ಕಲಿಸಲು ಶುರು ಮಾಡುವ ಮುಂಚೆ ಮೂರು ಬೆಳಿಗ್ಗೆ ನಾನೇ ಅವನ ಮಗ್ಗದ ಕುಣಿಯಲ್ಲಿ ಕುಳಿತೆ. ಅಣ್ಣನ ಹೆಂಡತಿ, ನಾನು ಅಕ್ಕಾರ ಎಂದು ಕರೆಯುತ್ತಿದ್ದವಳು, ಮೂಲೆಯಲ್ಲಿ ನೂಲು ಸುತ್ತುತ್ತ ಸೆರಗು ಬಾಯಿಗೆ ಹಿಡಿದು ನಕ್ಕಳು. "ಸರ ನೇಕಾರ ಆದ್ರು, ಇನ್ನ ಸಾಲಿ ಹುಡುಗ್ರನ್ನ ಯಾರು ಬಡೀಬೇಕು?" ನಗಲಿ ಬಿಡಿ. ಕುಳಿತ ಮೇಲೆ ತಿಳಿಯಿತು. ಬಲಗೈ ಲಾಳಿಯ ಹಗ್ಗ ಜಗ್ಗುತ್ತದೆ, ಎಡಗೈ ನೂಲು ಒತ್ತುವ ಹಣಿಗೆಯನ್ನು ಎಳೆದು ಬಡಿಯುತ್ತದೆ, ಕಾಲು ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತದೆ. ಈ ಇಡೀ ಹೊತ್ತು ಮೈ ಮುಂದಕ್ಕೇ ಬಾಗಿರಬೇಕು. ಅರ್ಧ ತಾಸಿಗೆ ನನ್ನ ಹಳೆಯ ನೋವು ಎದ್ದು ಕುಳಿತಿತು. ನೇಕಾರ ದಿನಕ್ಕೆ ಹತ್ತು ತಾಸು ಮುಂದಕ್ಕೆ ಬಾಗಿಯೇ ಇರುವವನು, ಅವನಿಗೆ ಮತ್ತೆ ಮುಂದಕ್ಕೆ ಬಾಗುವ ಆಸನ ಹಚ್ಚಿದರೆ ಅದು ಔಷಧವಲ್ಲ, ವಿಷ. ಅವನಿಗೆ ಬೇಕಾದದ್ದು ಮಲಗುವುದು, ಎದೆ ಬಿಚ್ಚುವುದು, ನಿಧಾನವಾಗಿ ಹಿಂದಕ್ಕೆ ಹೋಗುವುದು. ಇದನ್ನು ನಾನು ಆಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಅಡಿಗೆರೆ ಹಾಕಿ. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ.

ತರಗತಿ ಅಣ್ಣನ ಪಡಸಾಲೆಯಲ್ಲೇ ಶುರುವಾಯಿತು. ಬೆಳಿಗ್ಗೆ ಮಗ್ಗ ಸದ್ದು ಮಾಡುವ ಮೊದಲಿನ ಒಂದು ತಾಸು. ಅಣ್ಣ, ಅವನ ಇಬ್ಬರು ತಮ್ಮಂದಿರು, ಒಬ್ಬ ಟೇಲರ, ಒಬ್ಬ ಅಂಚೆಯವ, ಮತ್ತೆ ಓಣಿಯ ತುದಿಯ ಮುಸಲ್ಮಾನರ ಮನೆಯ ಬಸ್ ಡ್ರೈವರ. ಆರೇ ಜನ ಯಾಕೆಂದರೆ ಜಾಗ ಅಷ್ಟೇ ಇತ್ತು. ಎದುರು ಬದುರು ಎರಡು ಮಗ್ಗ, ನಡುವೆ ಜಮಖಾನ. ಮಗ್ಗದ ಕಡೆಗೆ ಕಾಲು ಚಾಚಿ ಮಲಗುವಂತಿಲ್ಲ, ಅದು ಅವರ ಅನ್ನದ ತಟ್ಟೆ. ಹಾಗಾಗಿ ಮೂವರ ತಲೆ ಈ ಮಗ್ಗಕ್ಕೆ, ಮೂವರ ತಲೆ ಆ ಮಗ್ಗಕ್ಕೆ, ಕಾಲುಗಳೆಲ್ಲ ನಡುವೆ. ಏಳನೆಯವನಿಗೆ ಕಾಲಿಡಲು ತಾವಿಲ್ಲ.

"ನಾನೂ ಸ್ಟೇರಿಂಗಿಗೆ ಕಾಲು ಹಚ್ಚಂಗಿಲ್ರಿ ಸರ, ನನಗಿದು ತಿಳೀತೈತಿ" ಎಂದು ಡ್ರೈವರ ತನ್ನ ಮಂಡಿ ಮಡಚಿಕೊಂಡು ಮಲಗಿದ. ಕ್ಲಚ್ ತುಳಿದೂ ತುಳಿದೂ ಅವನ ಎಡಮಂಡಿ ಊದಿಕೊಂಡಿತ್ತು.

ಮೊದಲ ವಾರ ನಾನು ದೊಡ್ಡ ತಪ್ಪು ಮಾಡಿದೆ. ಅಭ್ಯಾಸಬಲ ನೋಡಿ, ಎಣಿಸಿದೆ. ಭುಜಂಗಾಸನಕ್ಕೆ ಏಕ್, ದೋ, ತೀನ್, ಚಾರ್. ಟೇಲರ ನಾಲ್ಕಕ್ಕೇ "ಸಾಕು" ಎಂದು ಕೆಳಗಿಳಿದ. ಡ್ರೈವರ ಐದಕ್ಕೆ. ಅಣ್ಣ ಇಳಿಯಲೇ ಇಲ್ಲ. ಮುಖ ಕಪ್ಪಿಟ್ಟಿದೆ, ತೋಳು ನಡುಗುತ್ತಿವೆ, ಮನುಷ್ಯ ಏಳುತ್ತಲೇ ಇದ್ದಾನೆ. ನಾನು ಎಣಿಕೆ ನಿಲ್ಲಿಸಿದ ಮೇಲೇ ಧಪ್ಪೆಂದು ಬಿದ್ದ. ನನಗೆ ಸಿಟ್ಟು ನೆತ್ತಿಗೇರಿತು. "ಸಾಕು ಅನ್ನಾಕ ಬಾಯಿ ಇಲ್ಲೇನ್ರಿ ನಿಮಗ?" ಎಂದು ಒದರಿದೆ.

ಅಣ್ಣ ಮಕಾಡೆ ಮಲಗಿದಲ್ಲಿಂದಲೇ ಹೇಳಿದ. "ಸಿಟ್ಟಾಗಬ್ಯಾಡ್ರಿ ಸರ. ನೀವು ಎಣಸಾಕ ಹತ್ತಿದ್ರ ನನ್ನ ಮೈ ನನ್ನ ಮಾತು ಕೇಳಂಗಿಲ್ಲ. ಸಣ್ಣಾವ ಇದ್ದಾಗಿಂದ ನಮ್ಮಪ್ಪ ಎಳಿ ಎಣಿಸಿ ಎಣಿಸಿ ಕಲಿಸ್ಯಾನ. ಎಣಿಕಿ ಶುರು ಆತಂದ್ರ ನಡಕ ಕೈಬಿಟ್ರ ಸೆರಗು ಕೆಡತೈತಿ. ಎಣಿಕಿ ಮುಗಿಯೂ ತನಕ ನಿಂದ್ರೂ ರೂಢಿನ ಇಲ್ಲ."

ಇಬ್ಬರು ತಮ್ಮಂದಿರೂ ಹೌದೆಂದು ತಲೆ ಆಡಿಸಿದರು. ಸೆರಗಿನ ಚಿತ್ತಾರ ಎಣಿಕೆಯ ಮೇಲೆ ನಿಂತದ್ದು. ಎಣಿಕೆ ತಪ್ಪಿದರೆ ವಾರದ ದುಡಿಮೆ ನೀರುಪಾಲು. ಮೂವತ್ತು ವರ್ಷ ಹಾಗೆ ತಿದ್ದಿದ ಮೈಗೆ ನನ್ನ ಏಕ್ ದೋ ತೀನ್ ಆಸನವಾಗಿ ಕೇಳಿಸುತ್ತಿರಲಿಲ್ಲ, ಮಗ್ಗವಾಗಿ ಕೇಳಿಸುತ್ತಿತ್ತು. ಆ ದಿನ ಸೀಟಿಯನ್ನು ಮುಟ್ಟಿ ಎಲ್ಲರ ಮುಂದೆ ಹೇಳಿದೆ, ಈ ಪಡಸಾಲೆಯಲ್ಲಿ ಇನ್ನು ಎಣಿಕೆ ಇಲ್ಲ. ಉಸಿರು ಎಷ್ಟು ಹೊತ್ತೋ ಅಷ್ಟು ಹೊತ್ತು. ಒಬ್ಬನದು ಬೇಗ ಮುಗಿಯಲಿ, ಒಬ್ಬನದು ತಡವಾಗಲಿ, ಯಾರ ಗಂಟು ಹೋಗುತ್ತದೆ?

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ, ಮರುಕ್ಷಣವೇ ಉರಿಯುತ್ತದೆ. ಮೊದಲು ಎಲ್ಲರೂ ಅಂಗಾತ ಮಲಗುವುದು, ಮಂಡಿಯ ಕೆಳಗೆ ಸುತ್ತಿದ ಗೋಣಿಚೀಲ. ನಾನು ಒಬ್ಬೊಬ್ಬರ ಸೊಂಟದ ಕೆಳಗೆ ಅಂಗೈ ತೂರಿಸಿ ನೋಡುತ್ತಿದ್ದೆ. ಅಣ್ಣನ ಸೊಂಟಕ್ಕೂ ನೆಲಕ್ಕೂ ನಡುವೆ ಶುರುವಿನಲ್ಲಿ ನನ್ನ ಮುಷ್ಟಿಯೇ ಹೋಗುತ್ತಿತ್ತು. ಒಂದು ತಿಂಗಳಿಗೆ ಅಂಗೈ ಅಷ್ಟೇ. ಎರಡನೆಯ ತಿಂಗಳ ಕೊನೆಗೆ ಎರಡು ಬೆರಳೂ ಬಿಗಿ. ಆರು ಜನರಾದ್ದರಿಂದ ಆರು ಉಸಿರೂ ಬೇರೆಬೇರೆಯಾಗಿ ಕೇಳಿಸುತ್ತಿದ್ದವು. ಕಣ್ಣು ಮುಚ್ಚಿ ಕುಳಿತರೂ ಯಾರು ತಡವರಿಸಿದರು, ಯಾರು ಹಟಕ್ಕೆ ಬಿದ್ದು ಉಸಿರು ಹಿಡಿದರು ಎಂದು ಗೊತ್ತಾಗುತ್ತಿತ್ತು. ಮುನ್ನೂರು ಹುಡುಗರ ಮುಂದೆ ಹತ್ತು ವರ್ಷ ನಿಂತರೂ ನನಗೆ ಒಬ್ಬನ ಉಸಿರೂ ಕೇಳಿಸಿರಲಿಲ್ಲ. ಟೇಲರನ ಕುತ್ತಿಗೆಗೆ ಒಂದು, ಡ್ರೈವರನ ಮಂಡಿಗೆ ಒಂದು, ಅಂಚೆಯವನ ಹಿಮ್ಮಡಿಗೆ ಒಂದು, ಹೀಗೆ ಅವರವರ ಮೈಗೆ ಅಳತೆ ಹಿಡಿದು ಹೊಲಿದ ಅಂಗಿ.

ನಡುನಡುವೆ ಮಾತು, ನಗೆ. ಕೊನೆಯ ಕಾಲು ತಾಸು ಶವಾಸನ. ಡ್ರೈವರ ಅದರಲ್ಲಿ ಗೊರಕೆ ಹೊಡೆದರೆ ಅಕ್ಕ ಒಳಗಿನಿಂದ, "ಬಸ್ಸು ಯರಗಟ್ಟಿ ದಾಟಿತು ನೋಡ್ರಿ" ಎನ್ನುತ್ತಿದ್ದಳು. ಆಮೇಲೆ ಎಲ್ಲರಿಗೂ ಬೆಲ್ಲದ ಚಹಾ. "ಈಗ ಎತ್ತಿನ ಬಂಡಿ ಅಡ್ಡ ಬಂದ್ರೂ ಬೈಯಂಗಿಲ್ರಿ ಸರ. ಕಂಡಕ್ಟರ ಕೇಳತಾನ, ಆರಾಮ ಇಲ್ಲೇನು ನಿನಗ ಅಂತ" ಎಂದು ಡ್ರೈವರ ಒಂದು ದಿನ ಹೇಳಿದ. ಅಣ್ಣ ಕುಣಿಯಿಂದ ಹಗ್ಗ ಹಿಡಿಯದೆ ಎದ್ದ ಬೆಳಿಗ್ಗೆ ಅಕ್ಕ ನನಗೆ ಚಹಾದ ಜೊತೆ ಒಂದು ಹೋಳಿಗೆ ತಂದಿಟ್ಟಳು, ಹಬ್ಬವಲ್ಲ, ಹುಣ್ಣಿಮೆಯಲ್ಲ.

ಸುದ್ದಿ ಹಬ್ಬಿತು. ಹಬ್ಬಿದ್ದೇ ಕೆಟ್ಟದ್ದಾಯಿತು.

ಒಂದು ದಿನ ಮೇಲಿನ ಕಚೇರಿಯ ಒಬ್ಬ ಸಾಹೇಬರು ಶಾಲೆಗೆ ಬಂದವರು ನನ್ನನ್ನು ಕರೆಸಿದರು. ನಾಲ್ಕು ತಾಲೂಕು ಸೇರಿಸಿ ಬೈಲಹೊಂಗಲದ ಮೈದಾನದಲ್ಲಿ ಸಾಮೂಹಿಕ ಯೋಗ ಪ್ರದರ್ಶನ ಮಾಡಿಸುವ ಹುಮ್ಮಸ್ಸು ಅವರಿಗೆ. ದೊಡ್ಡ ಅತಿಥಿಗಳು ಬರುವವರಿದ್ದರು.

"ಪಡಸಾಲ್ಯಾಗ ಆರ ಮಂದಿಗೆ ಕಲಸ್ತೀರಂತ, ಖರೇನ ಏನು? ಆರ ಮಂದಿಗೆ ಕಲಿಸಿದ್ರ ಯಾರಿಗೆ ಕಾಣತೈತ್ರಿ ಮಾಸ್ತರ? ಕಿತ್ತೂರಿನ ಡ್ರಿಲ್ ಮಾಸ್ತರ ಇನ್ನೂರು ಹುಡುಗ್ರನ್ನ ತಯಾರ ಮಾಡಾಕ ಹತ್ಯಾನ."

"ಹುಡುಗ್ರನ್ನ ನಾನೂ ತರತೇನಿ ಸರ" ಎಂದೆ.

"ಹುಡುಗ್ರು ಎಲ್ಲಾರ ಹಂತ್ಯಾಕೂ ಅದಾರ. ನಿಮ್ಮ ಹಂತ್ಯಾಕ ನೇಕಾರ ಅದಾನ, ಡ್ರೈವರ ಅದಾನ. ಅವ್ರನ್ನ ಮುಂದಿನ ಸಾಲಿನ್ಯಾಗ ಕುಂಡ್ರಸ್ರಿ. ದುಡಿಯೂ ಮಂದಿ ಯೋಗ ಮಾಡೂದು ಅತಿಥಿಗಳಿಗೆ ಕಾಣಬೇಕು. ಐದ ನೂರು ಮಂದಿ, ಒಂದ ಸೀಟಿ, ಮಾಡಸಾವ್ರು ನೀವು." ಅಷ್ಟು ಹೇಳಿ ಫೈಲು ತಿರುವುತ್ತ, ತಲೆ ಎತ್ತದೆ ಕೇಳಿದರು. "ನಿಮ್ಮ ಮನಿ ಮಂದಿ ಬೈಲಹೊಂಗಲದಾಗ ಇರತಾರಲ್ಲಾ?"

ಆ ಒಂದು ಮಾತಿಗೆ ನಾನು ಕರಗಿ ಬೆಣ್ಣೆಯಾದೆ. ಕೋಣೆಗೆ ಮರಳುವ ಹೊತ್ತಿಗೆ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿಯಾಗಿತ್ತು.

ಪ್ರದರ್ಶನಕ್ಕೆ ಎಂಟು ಆಸನಗಳ ಪಟ್ಟಿ ಮೇಲಿಂದಲೇ ಬಂತು. ಎಲ್ಲರಿಗೂ ಒಂದೇ ಪಟ್ಟಿ, ಎಲ್ಲಕ್ಕೂ ಹದಿನಾರು ಎಣಿಕೆ. ಐದನೆಯದು ಪಶ್ಚಿಮೋತ್ತಾನಾಸನ. ಕಾಲು ಚಾಚಿ ಕುಳಿತು, ಮುಂದಕ್ಕೆ ಬಾಗಿ, ಹಣೆ ಮಂಡಿಗೆ ಮುಟ್ಟಿಸುವುದು. ನನ್ನ ನೋಟ್‌ಬುಕ್ಕಿನಲ್ಲಿ ಅಡಿಗೆರೆ ಹಾಕಿ ಬೇಡವೆಂದು ಬರೆದದ್ದು. ಅದನ್ನು ಬಿಡಿಸಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಹದಿನೈದು ದಿನ ಮುಂಚೆ ಪಡಸಾಲೆಯಲ್ಲಿ ಅದನ್ನು ಶುರು ಮಾಡಿಸಿದೆ, ಸೀಟಿ ಇಲ್ಲದೆ, ಆದರೆ ಮೆಲುದನಿಯಲ್ಲಿ ಎಣಿಸುತ್ತ. ಟೇಲರ ತಲೆ ಎತ್ತಿ ನೋಡಿದ. "ಇಲ್ಲಿ ಎಣಿಕಿ ಇಲ್ಲ ಅಂದಿದ್ರೆಲ್ಲಾ?" ಪ್ರದರ್ಶನದ ಮಟ್ಟಿಗೆ ಅಷ್ಟೇ ಎಂದೆ.

ನಾಲ್ಕನೆಯ ದಿನ ಅಣ್ಣ ಎಡಗಾಲು ತಿಕ್ಕುತ್ತ ಕುಳಿತಿದ್ದ. "ಹಿಮ್ಮಡ ತನಕ ಜುಮ್ ಅನ್ನಾಕ ಹತ್ತೇತ್ರಿ ಸರ."

ಜುಮ್ಮೆನ್ನುವುದು ಎಂದರೆ ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಎಚ್ಚರಿಕೆ, ಎರಡನೆಯ ಸಲ ಕೇಳಿಸದ ಎಚ್ಚರಿಕೆ. "ಅರ್ಧಕ್ಕ ನಿಂದರ್ರಿ ಅಣ್ಣಾರ, ಪೂರಾ ಬಾಗಬ್ಯಾಡ್ರಿ" ಎಂದೆ. ಅಷ್ಟರಿಂದ ನನ್ನ ಹೊಣೆ ಮುಗಿಯಿತು ಎಂದುಕೊಂಡೆ.

ಸವದತ್ತಿಯಲ್ಲಿ ತಾಲೀಮು ನಡೆಯಿತು. ಸಾಹೇಬರು ಸಾಲುಗಳ ನಡುವೆ ಕೈ ಹಿಂದೆ ಕಟ್ಟಿ ಅಡ್ಡಾಡಿದರು. ಪಶ್ಚಿಮೋತ್ತಾನಾಸನದಲ್ಲಿ ಅಣ್ಣನ ಮುಂದೆ ನಿಂತರು. "ಇದೇನ್ರಿ ಮಾಸ್ತರ, ಮುಂದಿನ ಸಾಲಿನ್ಯಾಗ ಒಬ್ಬಾಂವ ಅರ್ಧಕ್ಕ ನಿಂತಾನ? ಎಲ್ಲಾರೂ ಬಾಗಿದಾಗ ಇದೊಂದು ತಲಿ ಮ್ಯಾಲ ಕಾಣತೈತಿ."

ಅವನನ್ನು ಸಾಲಿನಿಂದ ತೆಗೆಯಬಹುದಿತ್ತು. ಐವರಾದರೆ ಸಾಲು ಸೊಟ್ಟ ಕಾಣುತ್ತದೆ ಎಂದು ನನ್ನೊಳಗಿನ ಡ್ರಿಲ್ ಮಾಸ್ತರ ಲೆಕ್ಕ ಹಾಕಿದ. ಮರಳುವಾಗ ಬಸ್ಸಿನಲ್ಲಿ ಅಣ್ಣನ ಪಕ್ಕ ಕುಳಿತೆ. "ಬ್ಯಾಡಾಗಿದ್ರ ಬಿಡ್ರಿ ಅಣ್ಣಾರ" ಎಂದೆ, ಬಿಡಬಾರದು ಎನ್ನುವ ದನಿಯಲ್ಲಿ.

"ಬಿಡೂದು ಹೆಂಗ್ರಿ ಸರ? ಹಗ್ಗ ಬಿಡಿಸಿ ಎಬ್ಬಿಸಿದಾವ್ರು ನೀವು. ನಿಮ್ಮ ಮರ್ಯಾದಿ ಪ್ರಶ್ನಿ. ಒಂದ ದಿನದ ಮಾತು, ನಡೀತೈತಿ ಬಿಡ್ರಿ."

ಪ್ರದರ್ಶನದ ದಿನ ಅಣ್ಣ ಇಸ್ತ್ರಿ ಮಾಡಿಸಿದ ಬಿಳಿ ಬನಿಯನ್ ಹಾಕಿಕೊಂಡು ಬಂದಿದ್ದ. ಮೈದಾನ ತುಂಬಿತ್ತು. ಕಿತ್ತೂರಿನ ಹುಡುಗರು ಗೆರೆ ಎಳೆದಂತೆ ಕುಳಿತಿದ್ದರು. ನನಗೊಂದು ಮೇಜು, ಮೈಕು, ಎದೆಯ ಮೇಲೆ ಸೀಟಿ. ಮುಂದಿನ ಸಾಲಿನಲ್ಲಿ ನನ್ನ ಆರು ಜನ, ಎಡದಿಂದ ಮೂರನೆಯವನು ಅಣ್ಣ, ಅವನ ಪಕ್ಕಕ್ಕೆ ಡ್ರೈವರ. ನನಗೂ ಅವರಿಗೂ ನಡುವೆ ಹತ್ತು ಮಾರು ಕೂಡ ಇರಲಿಲ್ಲ. ಗುಂಪಿನಲ್ಲಿ ಎಲ್ಲೋ ನನ್ನ ಹೆಂಡತಿ ಮಕ್ಕಳು ನೋಡುತ್ತಿದ್ದರು.

ನಾಲ್ಕು ಆಸನಗಳು ಚಂದ ಮುಗಿದವು. ಸುಳ್ಳು ಹೇಳುವುದಿಲ್ಲ, ಐದುನೂರು ಜನ ನನ್ನ ಒಂದು ಉಸಿರಿಗೆ ಎದ್ದು ಕೂತದ್ದು ಕಂಡು ನನಗೆ ಮೈ ಉಬ್ಬಿತು. ಐದನೆಯದಕ್ಕೆ ಸೀಟಿ ಊದಿದೆ. ಒಂದು, ಎರಡು, ಮೂರು. ಐದಕ್ಕೆ ಅಣ್ಣ ಅರ್ಧಕ್ಕೆ ಬಂದು ನಿಂತ, ನಾನು ಹೇಳಿದ ಹಾಗೆ. ಆರು ಎಂದೆ. ಅವನು ಮತ್ತೆ ಜರುಗಿದ. ಏಳು, ಎಂಟು. ಎಣಿಕೆ ಅವನನ್ನು ಹಿಡಿದಿತ್ತು. ಒಂಬತ್ತಕ್ಕೆ ಅವನ ಹಣೆ ಮಂಡಿಗೆ ಮುಟ್ಟಿತು, ಮೂರು ತಿಂಗಳಲ್ಲಿ ಒಮ್ಮೆಯೂ ಮುಟ್ಟದ್ದು. ಹತ್ತಕ್ಕೆ ಅವನು ಮುಖವನ್ನು ಪಕ್ಕಕ್ಕೆ ಹೊರಳಿಸಿ ನನ್ನತ್ತ ನೋಡಿದ. ತುಟಿ ಆಡಿತು. ಮೈಕಿನಲ್ಲಿ ನನ್ನದೇ ದನಿ ಗರ್ಜಿಸುತ್ತಿತ್ತು, ಅವನ ದನಿ ನನ್ನವರೆಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಆ ತುಟಿಯ ಮೇಲಿನ ಆ ಮಾತನ್ನು ಮೂರು ತಿಂಗಳು ದಿನಾ ಬೆಳಿಗ್ಗೆ ನೋಡಿದವನು ನಾನು.

ಎಣಿಕೆ ನಿಲ್ಲಿಸಿದರೆ ಅವನು ಬಿಡುತ್ತಾನೆ ಎಂಬುದು ಆ ಮೈದಾನದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಪಕ್ಕಕ್ಕೆ ಕಣ್ಣು ಹಾಯಿಸಿದೆ. ವೇದಿಕೆಯ ಮೇಲೆ ಸಾಹೇಬರು ಅತಿಥಿಯ ಕಿವಿಯಲ್ಲಿ ಏನೋ ಹೇಳುತ್ತ ನನ್ನತ್ತ ಬೆರಳು ತೋರಿಸುತ್ತಿದ್ದರು. ಇನ್ನು ಆರು ಎಣಿಕೆ ಬಾಕಿ.

"ಹನ್ನೊಂದು" ಎಂದೆ.

ಹದಿನಾರಕ್ಕೆ ಸೀಟಿ ಊದಿದಾಗ ಎಲ್ಲರೂ ಎದ್ದು ಕುಳಿತರು, ಅವನೊಬ್ಬ ಏಳಲಿಲ್ಲ. ಮಡಿಸಿಟ್ಟ ಸೀರೆಯ ಹಾಗೆ ಇದ್ದ. ಡ್ರೈವರ ಸಾಲು ಮುರಿದು ಅವನನ್ನು ಹಿಡಿದುಕೊಂಡ. ಇಬ್ಬರು ಸ್ವಯಂಸೇವಕರು ಬಂದು ಎತ್ತಿಕೊಂಡು ಹೋದರು. ಉಳಿದ ಮೂರು ಆಸನಗಳನ್ನು ನಾನು ಮಾಡಿಸಿದೆ. ಚಪ್ಪಾಳೆ ಬಹಳ ಹೊತ್ತು ಬಿತ್ತು.

ಬೈಲಹೊಂಗಲದ ಆಸ್ಪತ್ರೆಯಲ್ಲಿ ಡಾಕ್ಟರು ಅಣ್ಣನ ಎಡಗಾಲನ್ನು ಸ್ವಲ್ಪ ಎತ್ತಿದರು, ಅವನು ಕಿರುಚಿದ. ಪಾದಕ್ಕೆ ಸೂಜಿ ಚುಚ್ಚಿದರು, ಅವನಿಗೆ ತಿಳಿಯಲಿಲ್ಲ. ಬೆನ್ನುಮಣಿಗಳ ನಡುವಿನ ಮೆತ್ತೆ ಜರುಗಿ ನರವನ್ನು ಒತ್ತಿದೆ ಎಂದರು. ಮೂರು ತಿಂಗಳು ಹಲಗೆಯ ಮೇಲೆ ಮಲಗಬೇಕು. "ಎದ್ದ ಮೇಲೂ ಕುಣಿಮಗ್ಗಕ್ಕ ಕುಂಡ್ರೂದು ಮರತಬಿಡ್ರಿ" ಎಂದು ಅವನ ತಮ್ಮಂದಿರಿಗೆ ಹೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಎದೆಯ ಮೇಲೆ ಇನ್ನೂ ಸೀಟಿ ತೂಗುತ್ತಿತ್ತು.

ನಮ್ಮನ್ನು ಕರೆತಂದ ಬಸ್ಸು ಡ್ರೈವರನದೇ ಡ್ಯೂಟಿಯದು. ಹಿಂದಿನ ಸೀಟುಗಳ ನಡುವೆ ಹಲಗೆ ಹಾಕಿ ಅಣ್ಣನನ್ನು ಮಲಗಿಸಿದರು. ಮುರಗೋಡ ದಾಟುವವರೆಗೂ ಬಸ್ಸು ಎತ್ತಿನ ಬಂಡಿಯ ಹಾಗೆ ಹೋಯಿತು. ಒಂದೊಂದು ತಗ್ಗಿಗೂ ಡ್ರೈವರ ಬಸ್ಸನ್ನು ಪೂರ್ತಿ ನಿಲ್ಲಿಸಿ ಮೆಲ್ಲಗೆ ಇಳಿಸುತ್ತಿದ್ದ. ಯರಗಟ್ಟಿಯಲ್ಲಿ ಚಹಾಕ್ಕೆ ಇಳಿದಾಗ ನನ್ನ ಪಕ್ಕ ಬಂದು ನಿಂತ.

"ಸರ, ಅಣ್ಣ ಸಾಕು ಅಂದಾ. ನಾ ಬಾಜೂಕ ಇದ್ದೆ, ನನಗ ಕೇಳಿತು. ನಿಮಗ ಕೇಳಲಿಲ್ಲೇನು?"

"ಮೈಕಿನ ಗದ್ದಲದಾಗ ಎಲ್ಲಿ ಕೇಳತೈತಿ?" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಅರ್ಧ ಕುಡಿದ ಚಹಾವನ್ನು ನೆಲಕ್ಕೆ ಚೆಲ್ಲಿ ಹೋಗಿ ಸ್ಟೇರಿಂಗಿಗೆ ಕುಳಿತ. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ, ಅವನ ಬಸ್ಸಿಗೆ ನಾನು ಹತ್ತಿದಾಗಲೂ.

ಒಂದೂವರೆ ತಿಂಗಳಿಗೆ ಬೈಲಹೊಂಗಲದ ಆರ್ಡರ್ ಬಂತು. ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಸಾಹೇಬರ ಮೆಚ್ಚುಗೆ ಪತ್ರ ಓದಿ ನನಗೆ ಹಾರ ಹಾಕಿದರು. ಥೂ ನನ್ನ ಜನ್ಮಕ್ಕೆ, ಆ ಹಾರವನ್ನು ನಾನು ಹಾಕಿಸಿಕೊಂಡೆ. ಬೇಡ ಎನ್ನಬಹುದಿತ್ತು, ವರ್ಗವನ್ನೂ ಬೇಡ ಎನ್ನಬಹುದಿತ್ತು. ನಾನು ಆ ವಾರವೇ ಸಾಮಾನು ಕಟ್ಟಿದೆ.

ಹೋಗುವ ದಿನ ಅಣ್ಣನ ಮನೆಗೆ ಹೋದೆ. ಪಡಸಾಲೆಯಲ್ಲಿ ನಾವು ಆರು ಜನರಿಗೆ ಹಾಸುತ್ತಿದ್ದ ಜಾಗದಲ್ಲಿ ಹಲಗೆ ಹಾಕಿ ಅವನನ್ನು ಮಲಗಿಸಿದ್ದರು. ತಲೆ ಮಗ್ಗದ ಕಡೆಗೇ ಇತ್ತು. ಕುಣಿಯಲ್ಲಿ ಅಕ್ಕ ಕುಳಿತಿದ್ದಳು. ನೂಲು ಸುತ್ತುತ್ತಿದ್ದವಳು ಈಗ ಲಾಳಿ ಎಳೆಯುತ್ತಿದ್ದಳು. ಕೈಗೆ ಇನ್ನೂ ರೂಢಿಯಾಗಿರಲಿಲ್ಲ, ಸದ್ದು ತಡವರಿಸುತ್ತಿತ್ತು. ನನ್ನನ್ನು ನೋಡಿಯೂ ಅವಳು ಕೈ ನಿಲ್ಲಿಸಲಿಲ್ಲ.

"ಬರ್ರಿ ಸರ, ಕುಂಡ್ರಿ. ಊರಿಗೆ ಹೊಂಟ್ರಂತ, ಛಲೋ ಆತು ಬಿಡ್ರಿ. ಮಕ್ಕಳ ಮುಂದ ಇರೂದು ಛಲೋ" ಎಂದ ಅಣ್ಣ. ಮುಖ ಇಳಿದುಹೋಗಿತ್ತು. ಆಮೇಲೆ ತಾನಾಗಿಯೇ ಪ್ರದರ್ಶನದ ಮಾತು ತೆಗೆದ. "ನಿಮಗ ಒಂದ ಮಾತು ಹೇಳಬೇಕಂತ ಮಾಡಿದ್ದೆ. ಮನಸಿಗೆ ಹಚಗೋಬ್ಯಾಡ್ರಿ. ಅವತ್ತ ನಾ ಸಾಕು ಅಂದೆ, ಆದ್ರ ಭಾಳ ಸಣ್ಣಂಗ ಅಂದೆ. ಅಷ್ಟ ಮಂದ್ಯಾಗ ಒದರಾಕ ನಾಚಿಕಿ ಬಂತು. ನಿಮಗ ಕೇಳಿರಾಕಿಲ್ಲ."

ಮಲಗಿದಲ್ಲೇ ಕೈ ಚಾಚಿ ಕೊಟ್ಟ ಹಾಗಿತ್ತು ಆ ಮಾತು. ನಾನು ತೆಗೆದುಕೊಂಡೆ.

"ಹೌದ್ರಿ ಅಣ್ಣಾರ. ಕೇಳಲಿಲ್ಲ" ಎಂದೆ.

ಮಗ್ಗ ನಿಂತಿತು. ಸೆರಗಿನ ಚಿತ್ತಾರದ ನಟ್ಟನಡುವೆ ಅಕ್ಕ ಕೈ ಬಿಟ್ಟಿದ್ದಳು. ಡ್ರೈವರ ಅವಳಿಗೆ ಏನು ಹೇಳಿದ್ದನೋ ನನಗೆ ಗೊತ್ತಿಲ್ಲ, ಅವಳು ನನ್ನನ್ನು ಕೇಳಲೂ ಇಲ್ಲ. ಕುಣಿಯಲ್ಲಿ ಕುಳಿತೇ ತಲೆ ಎತ್ತಿ ನೋಡಿದಳು.

"ಕೇಳಲಿಲ್ಲ ಖರೇ, ಹತ್ತ ಮಾರಿನ್ಯಾಗ ಇವರ ಮಾರಿ ಕಾಣಲಿಲ್ಲೇನ್ರಿ ಸರ?"

"ಏ, ಸುಮ್ಮಿರ" ಎಂದು ಅಣ್ಣ ಗದರಿದ. ಅವಳು ನಿಂತ ಎಣಿಕೆ ಎಲ್ಲಿತ್ತೆಂದು ಬೆರಳಿನಿಂದ ಎಳೆಗಳನ್ನು ಹುಡುಕತೊಡಗಿದಳು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಅವತ್ತು ಯಾರೂ ಚಹಾ ಕುಡಿದು ಹೋಗಿ ಅನ್ನಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬೈಲಹೊಂಗಲದ ನನ್ನ ಮನೆಯ ಮೇಲಿನ ಕೋಣೆಯಲ್ಲಿ ಬೆಳಿಗ್ಗೆ ಆಸನ ಹೇಳಿಕೊಡುತ್ತೇನೆ, ಸೀಟಿ ಇಲ್ಲದೆ, ಎಣಿಕೆ ಇಲ್ಲದೆ. ಮೂವತ್ತು ಜನ ಆರಾಮವಾಗಿ ಮಲಗಬಹುದಾದ ಕೋಣೆ ಅದು, ಆದರೂ ಆರು ಜನರನ್ನಷ್ಟೇ ಸೇರಿಸಿಕೊಳ್ಳುತ್ತೇನೆ. ಮುದುಕನಿಗೆ ಸೊಕ್ಕು ಎಂದು ಕೆಲವರು ಅನ್ನುತ್ತಾರೆ, ಅನ್ನಲಿ. ಹೊಸಬರಿಗೆ ಮೊದಲ ದಿನ ಆಸನ ಕಲಿಸುವುದಿಲ್ಲ. ಬಾಯಿ ಬಿಟ್ಟು ಜೋರಾಗಿ "ಸಾಕು" ಅನ್ನುವುದನ್ನು ಕಲಿಸುತ್ತೇನೆ. ಅವರು ನಾಚಿಕೊಂಡು ನಗುತ್ತಾರೆ. ಎಷ್ಟು ಕಲಿಸಿದರೂ ದುಡಿದು ದಣಿದವರು ಅದನ್ನು ಸಣ್ಣ ದನಿಯಲ್ಲೇ ಅನ್ನುತ್ತಾರೆ. ಅದಕ್ಕೇ ನಾನು ಈಗ ಕಿವಿಯನ್ನು ನಂಬುವುದಿಲ್ಲ, ಆರು ಜನರ ಮುಖವನ್ನೂ ನೋಡುತ್ತ ಕೂರುತ್ತೇನೆ.

ಅಕ್ಕಾರ ಅವತ್ತು ಕೇಳಿದ್ದಕ್ಕೆ ಉತ್ತರ ಕೊಡದೆ ಎದ್ದು ಬಂದಿದ್ದೆ. ಕಂಡಿತ್ತು.